ಕೊಲ್ಲದೆ ಬೆಳೆಯಬಹುದೇ? ಒಂದು ಆಟದ ನಿಯಮಗಳ ಚರಿತ್ರೆ

ಕಳೆದ ಮಳೆಗಾಲದ ಒಂದು ಭಾನುವಾರ ಪುಣೆಯ ನಮ್ಮ ಮನೆಯ ಊಟದ ಮೇಜನ್ನು ಮಗಳೂ ಅವಳ ನಾಲ್ವರು ಗೆಳೆಯರೂ ಆಕ್ರಮಿಸಿಕೊಂಡಿದ್ದರು. ಮೇಜಿನ ತುಂಬ ಬಗೆಬಗೆಯ ದಾಳಗಳು, ಪೆನ್ಸಿಲುಗಳು, ಅಂಕಿಗಳಿಂದ ತುಂಬಿದ ಹಾಳೆಗಳು. ಆಟದ ಹೆಸರು ಡಂಜನ್ಸ್ ಅಂಡ್ ಡ್ರಾಗನ್ಸ್. ಒಬ್ಬ ಸೂತ್ರಧಾರನಾಗಿ ಕಲ್ಪಿತ ಲೋಕವೊಂದನ್ನು ಬಣ್ಣಿಸುತ್ತಾನೆ. ಉಳಿದವರು ತಲಾ ಒಂದು ಪಾತ್ರವಹಿಸಿ, ತಾವು ಏನು ಮಾಡುತ್ತೇವೆಂದು ಹೇಳುತ್ತಾರೆ. ಫಲಿತಾಂಶ ಅನಿಶ್ಚಿತವಾದಲ್ಲಿ ದಾಳ ತೀರ್ಪು ಕೊಡುತ್ತದೆ. ಅಂದು ಸೇತುವೆ ಕಾಯುತ್ತಿದ್ದ ದೈತ್ಯನೊಬ್ಬನನ್ನು ಮಗಳು ಮಾತಿನಲ್ಲೇ ಒಲಿಸಿ ದಾರಿ ಬಿಡಿಸಿಕೊಂಡಳು. ಗೆಳೆಯನೊಬ್ಬನಿಗೆ ಇದು ರುಚಿಸಲಿಲ್ಲ. "ಕೊಂದಿದ್ದರೆ ಅಂಕ ಸಿಗುತ್ತಿತ್ತು. ಕೊಲ್ಲದೆ ನಾವು ಬೆಳೆಯುವುದು ಹೇಗೆ?" ಎಂದು ಕೇಳಿದ.

ಮಕ್ಕಳ ಮಾತೆಂದು ತಳ್ಳಿಹಾಕಲು ನನ್ನಿಂದಾಗಲಿಲ್ಲ. ಬೆಳವಣಿಗೆ ಎಂದರೆ ಕೊಂದವರ ಲೆಕ್ಕ ಎಂಬ ಭಾವನೆ ಈ ಆಟಕ್ಕೆ ಹುಟ್ಟಿನಿಂದಲೇ ಬಂದದ್ದೇ? ಹಳೆಯ ನಿಯಮಗಳನ್ನು ಹುಡುಕಿ ಓದಿದಾಗ ದೊರೆತ ಉತ್ತರ ಬೇರೆಯೇ ಆಗಿತ್ತು.

ಈ ಆಟದ ಪೂರ್ವಜರು ಯುದ್ಧದ ಆಟಗಳು. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ಫಾನ್ ರೈಸ್ವಿಟ್ಜ್ ಪ್ರಕಟಿಸಿದ 'ಕ್ರೀಗ್ಸ್‌ಶ್ಪೀಲ್' ಅಧಿಕಾರಿಗಳ ತರಬೇತಿಗೆಂದು ಹುಟ್ಟಿದ್ದು. ಅದರಲ್ಲಿ ಭೂಪಟ, ದಾಳ ಮತ್ತು ನಿರ್ಣಾಯಕ, ಮೂರೂ ಇದ್ದವು. ಆದರೆ ಅಲ್ಲಿ ವ್ಯಕ್ತಿಗೆ ಹೆಸರಿರಲಿಲ್ಲ; ತುಕಡಿಗಳಿದ್ದವು, ಅವುಗಳ ನಷ್ಟವಿತ್ತು. ನಮ್ಮ ಚದುರಂಗದ ಕಾಲಾಳು ಕೊನೆಯ ಸಾಲು ಮುಟ್ಟಿದರೆ ಮೇಲಿನ ಪದವಿ ಪಡೆಯುತ್ತಾನೆ. ಆದರೆ ಮರುದಿನದ ಆಟಕ್ಕೆ ಅವನು ಮತ್ತೆ ಅದೇ ಹಳೆಯ ಕಾಲಾಳು. ಒಂದು ಆಟದ ಅನುಭವವನ್ನು ಮುಂದಿನ ಆಟಕ್ಕೆ ಹೊತ್ತೊಯ್ಯುವ ವ್ಯಕ್ತಿ ಇನ್ನೂ ಹುಟ್ಟಬೇಕಾಗಿತ್ತು.

ಅವನು ಹುಟ್ಟಿದ್ದು ಅಮೆರಿಕದ ಮಧ್ಯಪಶ್ಚಿಮದಲ್ಲಿ. 1969ರಲ್ಲಿ ಮಿನೆಸೋಟದ ಡೇವಿಡ್ ವೆಸ್ಲಿ ನೆಪೋಲಿಯನ್ನನ ಕಾಲದ ಕಲ್ಪಿತ ಜರ್ಮನ್ ಪಟ್ಟಣವೊಂದರ ಆಟವನ್ನು ಹೂಡಿ, ಆಟಗಾರರಿಗೆ ಸೈನ್ಯದ ಬದಲು ಒಬ್ಬೊಬ್ಬ ವ್ಯಕ್ತಿಯ ಪಾತ್ರ ಕೊಟ್ಟರು. ಆ ಬಳಗದವರೇ ಆದ ಡೇವ್ ಆರ್ನೆಸನ್ 1970ರ ದಶಕದ ಆರಂಭದಲ್ಲಿ 'ಬ್ಲ್ಯಾಕ್‌ಮೂರ್' ಎಂಬ ಮಾಯಾಲೋಕವನ್ನು ಕಟ್ಟಿದರು. ಇತ್ತ ವಿಸ್ಕಾನ್ಸಿನ್‌ನ ಲೇಕ್ ಜಿನೀವಾದಲ್ಲಿದ್ದ ಗ್ಯಾರಿ ಗೈಗ್ಯಾಕ್ಸ್, ಜೆಫ್ ಪೆರೆನ್ ಜೊತೆಗೂಡಿ 1971ರಲ್ಲಿ 'ಚೈನ್‌ಮೇಲ್' ಎಂಬ ಮಧ್ಯಯುಗದ ಕಾಳಗದ ನಿಯಮಾವಳಿಯನ್ನು ಪ್ರಕಟಿಸಿದ್ದರು. ಅದರ ಕಲ್ಪನಾಲೋಕದ ಅನುಬಂಧದಲ್ಲಿ ವೀರನೊಬ್ಬ ನಾಲ್ವರು ಸೈನಿಕರಿಗೆ ಸಮ, ಮಹಾವೀರ ಎಂಟು ಮಂದಿಗೆ ಸಮ.

ಸಾಮಾನ್ಯ ಸೈನಿಕನಾದರೋ ಒಂದೇ ಪೆಟ್ಟಿಗೆ ಸಾಯುತ್ತಿದ್ದ. ತುಕಡಿಯ ಆಟದಲ್ಲಿ ಅದು ಸಹಜ. ಆದರೆ ವಾರವಾರವೂ ಅದೇ ಪಾತ್ರವನ್ನು ಆಡಿ, ಅದಕ್ಕೆ ಹೆಸರಿಟ್ಟು, ಅದರ ಮೇಲೆ ಮಮತೆ ಬೆಳೆಸಿಕೊಂಡ ಆರ್ನೆಸನ್‌ರ ಗೆಳೆಯರಿಗೆ ಇದು ಸಹಿಸಲಾಗದಾಯಿತು. ಆರ್ನೆಸನ್ ತಮ್ಮ ನೌಕಾಯುದ್ಧದ ಆಟದಿಂದ ಪರಿಹಾರ ತಂದರು. ಹಡಗು ಒಂದೇ ಗುಂಡಿಗೆ ಮುಳುಗುವುದಿಲ್ಲ. ಹಾನಿ ಸ್ವಲ್ಪಸ್ವಲ್ಪವಾಗಿ ಒಟ್ಟುಗೂಡುತ್ತದೆ. ಮನುಷ್ಯನಿಗೂ ಅದೇ ಲೆಕ್ಕ ಅನ್ವಯವಾಯಿತು. ಇಂದು ಕಂಪ್ಯೂಟರ್ ಆಟಗಳ ಪರದೆಯ ಮೂಲೆಯಲ್ಲಿ ಕಾಣುವ 'ಹಿಟ್ ಪಾಯಿಂಟ್' ಎಂಬ ಪ್ರಾಣಾಂಕದ ಮೂಲ ಇದು: ಜೊತೆಗಾರನನ್ನು ಇನ್ನೊಂದಿಷ್ಟು ಹೊತ್ತು ಉಳಿಸಿಕೊಳ್ಳುವ ಆಸೆ.

ಇವರಿಬ್ಬರ ಕೆಲಸ ಕೂಡಿ 1974ರಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಹೊರಬಂತು. ಪೆಟ್ಟಿಗೆಯೊಂದರಲ್ಲಿ ಮೂರು ತೆಳು ಪುಸ್ತಿಕೆಗಳು; ಮೊದಲ ಮುದ್ರಣ 1000 ಪ್ರತಿ. ಚೈನ್‌ಮೇಲ್‌ನ ವೀರ, ಮಹಾವೀರರು ಇಲ್ಲಿ ಏಣಿಯ ಮೆಟ್ಟಿಲುಗಳಾದರು. ಯೋಧನು ನಾಲ್ಕನೆಯ ಹಂತ ಮುಟ್ಟಿದಾಗ ವೀರ, ಎಂಟನೆಯದರಲ್ಲಿ ಮಹಾವೀರ. ಎರಡನೆಯ ಹಂತಕ್ಕೆ 2000 ಅನುಭವಾಂಕ, ಮೂರನೆಯದಕ್ಕೆ 4000, ನಾಲ್ಕನೆಯದಕ್ಕೆ 8000. ಹುಟ್ಟಿನಿಂದ ಬಂದ ಪದವಿ ಈಗ ಆಡಿ ಗಳಿಸಬೇಕಾದದ್ದಾಯಿತು.

ಕಾಳಗದ ಲೆಕ್ಕ ಮಾತ್ರ ನಿರ್ದಯವಾಗಿಯೇ ಇತ್ತು. ಮೊದಲ ಹಂತದ ಯೋಧ ಇಪ್ಪತ್ತು ಮುಖದ ದಾಳ ಉರುಳಿಸಿ, ಕವಚವಿಲ್ಲದವನನ್ನು ತಾಕಲು ಕನಿಷ್ಠ 10 ಪಡೆಯಬೇಕು. ಲೋಹಕವಚ, ಗುರಾಣಿ ಎರಡೂ ಇದ್ದವನಿಗೆ 17. ತಾಕಿದರೆ ಹಾನಿ 1ರಿಂದ 6. ಹೊಸ ಮಾಂತ್ರಿಕನ ಪ್ರಾಣಾಂಕವೂ 1ರಿಂದ 6. ಎಂದರೆ ಕತ್ತಿಯ ಒಂದು ಪೆಟ್ಟಿಗೆ ಕಥೆ ಮುಗಿಯಬಹುದಿತ್ತು.

ಹಾಗಾದರೆ ಅನುಭವಾಂಕ ಬರುತ್ತಿದ್ದುದು ಎಲ್ಲಿಂದ? ಮೊದಲ ಪುಸ್ತಿಕೆಯಲ್ಲೇ ಒಂದು ಉದಾಹರಣೆಯಿದೆ. ಟ್ರೋಲ್ ಎಂಬ ದೈತ್ಯನನ್ನು ಕೊಂದುದಕ್ಕೆ 700 ಅಂಕ. ಅವನು ಕಾಯುತ್ತಿದ್ದ 7000 ಹೊನ್ನಿಗೆ 7000 ಅಂಕ. ಕೊಲೆಗಿಂತ ಹೊನ್ನಿಗೆ ಹತ್ತು ಪಟ್ಟು ಬೆಲೆ. 1975ರ 'ಗ್ರೇಹಾಕ್' ಅನುಬಂಧ ಕೊಲೆಯ ಅಂಕವನ್ನು ಇನ್ನಷ್ಟು ಕಡಿತಗೊಳಿಸಿತು. ಪ್ರಾಣ ಇಷ್ಟು ದುರ್ಬಲ, ಕೊಲೆಗೆ ಫಲ ಇಷ್ಟು ಅಲ್ಪ ಎಂದಾದಾಗ ಬುದ್ಧಿವಂತ ಆಟಗಾರ ಕತ್ತಿಯನ್ನು ಕೊನೆಯ ಉಪಾಯವಾಗಿ ಇಟ್ಟುಕೊಂಡ. ಎದುರಾದ ಪ್ರಾಣಿ ವೈರಿಯೋ ಅಲ್ಲವೋ ಎಂಬುದಕ್ಕೂ ದಾಳವಿತ್ತು. ಬೆನ್ನಟ್ಟುವವರಿಗೆ ಆಹಾರವನ್ನೋ ನಾಣ್ಯವನ್ನೋ ಎಸೆದು ಪಾರಾಗಲು ನಿಯಮವೇ ಅವಕಾಶ ಕೊಟ್ಟಿತ್ತು.

ಇದನ್ನು ಅಹಿಂಸೆ ಎಂದು ಹೊಗಳಲಾಗದು; ಅದು ಲೋಭದ ಲೆಕ್ಕವೇ. ಹೊನ್ನು ತಂದವನು ಕತ್ತಿ ಬೀಸುವುದರಲ್ಲಿ ಏಕೆ ಪಳಗಬೇಕು ಎಂಬ ಆಕ್ಷೇಪ ನ್ಯಾಯವಾದದ್ದೇ. 1978ರ 'ರೂನ್‌ಕ್ವೆಸ್ಟ್' ಅದಕ್ಕೆ ಬೇರೆ ಉತ್ತರ ಕೊಟ್ಟಿತು. ಅಲ್ಲಿ ಹಂತಗಳೇ ಇಲ್ಲ. ಯಾವ ವಿದ್ಯೆಯನ್ನು ಬಳಸಿ ಯಶಸ್ವಿಯಾದೆಯೋ ಆ ವಿದ್ಯೆಯೇ ಬೆಳೆಯಬಲ್ಲದು. ಅದಕ್ಕೂ ಒಂದು ವರ್ಷ ಮೊದಲು ಬಂದ 'ಟ್ರಾವೆಲರ್'ನಲ್ಲಿ ಪಾತ್ರದ ಬಹುಪಾಲು ಬೆಳವಣಿಗೆ ಕಥೆ ಆರಂಭವಾಗುವ ಮೊದಲೇ, ಅದರ ಪೂರ್ವಾಶ್ರಮದಲ್ಲಿ, ಮುಗಿದಿರುತ್ತಿತ್ತು.

ಡಂಜನ್ಸ್ ಅಂಡ್ ಡ್ರಾಗನ್ಸ್ ಮಾತ್ರ ಬೇರೆ ದಾರಿ ಹಿಡಿಯಿತು. 1989ರ ಎರಡನೆಯ ಆವೃತ್ತಿಯಲ್ಲಿ ಹೊನ್ನಿನ ಅಂಕ ಐಚ್ಛಿಕವಾಯಿತು. 2000ದ ಮೂರನೆಯ ಆವೃತ್ತಿಯ ಹೊತ್ತಿಗೆ, ಎದುರಾಳಿಯನ್ನು ಮೀರುವುದೇ ಅನುಭವದ ಮುಖ್ಯ ಮೂಲ. ಮೀರುವುದೆಂದರೆ ಕೊಲ್ಲುವುದೇ ಆಗಬೇಕಿಲ್ಲವೆಂದು ಪುಸ್ತಕ ಹೇಳಿದರೂ, ಅಂಕ ಎಣಿಸಲು ಹೆಣವೇ ಸುಲಭ. ಹೊನ್ನಿನ ಲೋಭವನ್ನು ತೆಗೆದುಹಾಕಿದಾಗ ಅದರೊಂದಿಗೆ ಯುಕ್ತಿಗೆ ಸಿಗುತ್ತಿದ್ದ ಪ್ರತಿಫಲವೂ ಬಹುಮಟ್ಟಿಗೆ ಹೊರಟುಹೋಯಿತು. ಮಗಳ ಗೆಳೆಯ ಕೇಳಿದ್ದು ಈ ಬದಲಾವಣೆಯ ನಂತರದ ತಲೆಮಾರಿನ ಪ್ರಶ್ನೆ, ಅವನ ತಪ್ಪಲ್ಲ. ನಿಯಮ ಯಾವುದಕ್ಕೆ ಫಲ ಕೊಡುತ್ತದೆಯೋ ಆಟಗಾರ ಅದನ್ನೇ ಧರ್ಮವೆಂದು ನಂಬುತ್ತಾನೆ. ನಮ್ಮ ಶಾಲೆ, ಕಚೇರಿಗಳ ಅಂಕಪಟ್ಟಿಗಳನ್ನು ಬಲ್ಲವರಿಗೆ ಇದು ಹೊಸತಲ್ಲ.

ಮುಂದಿನ ಭಾನುವಾರ ಅವರಿಗೆ 1974ರ ಲೆಕ್ಕವನ್ನು ಹೇಳಿದೆ. ಆ ಒಂದು ದಿನಕ್ಕೆ ಹಾಗೆಯೇ ಆಡಿನೋಡೋಣವೆಂದು ಸೂತ್ರಧಾರ ಒಪ್ಪಿದ. ಗವಿಯೊಳಗೆ ಟ್ರೋಲ್, ಅವನ ಹಿಂದೆ ಪೆಟ್ಟಿಗೆ. ಹಿಂದಿನ ವಾರ ಕತ್ತಿಗೆ ಆತುರಪಟ್ಟಿದ್ದ ಹುಡುಗನೇ ಎಲ್ಲರಿಗಿಂತ ಮೊದಲು ದಾಳವನ್ನು ಕೆಳಗಿಟ್ಟು, "ಅವನಿಗೆ ಹಸಿವಾಗುವುದು ಯಾವಾಗ?" ಎಂದು ಕೇಳಿದ.