ಆಣೆ ಇಡದವರ ಕಥೆ

‘ದೇವರಾಣೆಗೂ ನಾನಲ್ಲ’ ಎಂದು ಒಮ್ಮೆಯಾದರೂ ಹೇಳದ ಕನ್ನಡಿಗರು ಸಿಗುವುದು ಕಷ್ಟ. ತಾಯಾಣೆ, ಮಕ್ಕಳಾಣೆ, ತಿನ್ನುವ ಅನ್ನದಾಣೆ - ನಮ್ಮ ಆಡುಮಾತಿನಲ್ಲಿ ಆಣೆಗಳಿಗೆ ಬರವಿಲ್ಲ. ಜಮೀನಿನ ತಕರಾರಿನಿಂದ ಹಿಡಿದು ರಾಜಕಾರಣಿಗಳ ಕೆಸರೆರಚಾಟದವರೆಗೆ ‘ಬಾ, ಧರ್ಮಸ್ಥಳದಲ್ಲಿ ಪ್ರಮಾಣ ಮಾಡು’ ಎಂಬ ಸವಾಲು ಕೇಳಿಬರುತ್ತದೆ. ಬರೀ ಮಾತನ್ನು ಯಾರೂ ನಂಬದಾದಾಗ ದೇವರನ್ನು ಸಾಕ್ಷಿಗೆ ಕರೆಯುವುದು ಹಳೆಯ ಪದ್ಧತಿ.

ಆದರೆ ನಮ್ಮ ಸಂವಿಧಾನದ ಮೂರನೆಯ ಅನುಸೂಚಿಯನ್ನು ನೋಡಿ. ಮಂತ್ರಿಗಳು, ಶಾಸಕರು, ನ್ಯಾಯಾಧೀಶರು ಅಧಿಕಾರ ವಹಿಸಿಕೊಳ್ಳುವಾಗ ಅವರ ಮುಂದೆ ಎರಡು ದಾರಿಗಳಿವೆ. ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು. ಇಲ್ಲವೇ ದೇವರ ಹೆಸರೆತ್ತದೆ ಸತ್ಯನಿಷ್ಠೆಯಿಂದ ದೃಢೀಕರಿಸಬಹುದು. ಈ ಎರಡನೆಯ ದಾರಿ ನಾಸ್ತಿಕರಿಗಾಗಿ ಹುಟ್ಟಿದ್ದು ಎಂದೇ ಬಹಳ ಜನ ತಿಳಿದಿದ್ದಾರೆ. ನಿಜಸಂಗತಿ ಬೇರೆಯೇ ಇದೆ. ಇಂಗ್ಲೆಂಡಿನ ಕಾನೂನಿನಲ್ಲಿ ಈ ದಾರಿಯನ್ನು ಮೊದಲು ತೆರೆಸಿದವರು ಪರಮ ದೈವಭಕ್ತರು. ಬೈಬಲ್ಲಿನ ಒಂದು ಮಾತನ್ನು ಅಕ್ಷರಶಃ ಪಾಲಿಸಲು ಹೊರಟು ಜೈಲು ಸೇರಿದ ಕ್ವೇಕರರು.

ಆ ಮಾತು ಇರುವುದು ಹೊಸ ಒಡಂಬಡಿಕೆಯಲ್ಲಿ, ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ. ‘ಪರ್ವತ ಪ್ರಸಂಗ’ ಎಂದು ಹೆಸರಾದ ಉಪದೇಶದ ನಡುವೆ ಯೇಸು ತನ್ನ ಶಿಷ್ಯರಿಗೆ, ಆಣೆಯನ್ನೇ ಇಡಕೂಡದು, ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂದಷ್ಟೇ ಹೇಳಬೇಕು ಎಂದು ತಿಳಿಸುತ್ತಾನೆ. ಯಾಕೋಬನ ಪತ್ರಿಕೆಯಲ್ಲೂ ಇದೇ ಬುದ್ಧಿವಾದ ಮರುಕಳಿಸುತ್ತದೆ.

ಮಾತು ಸ್ಪಷ್ಟವಾಗಿಯೇ ಇದೆ. ಆದರೆ ಕ್ರೈಸ್ತ ಯೂರೋಪಿನ ರಾಜ್ಯಗಳು ನಡೆಯುತ್ತಿದ್ದುದೇ ಆಣೆಗಳ ಮೇಲೆ. ಸೈನಿಕ, ಅಧಿಕಾರಿ, ಸಾಕ್ಷಿ ಎಲ್ಲರೂ ಪ್ರಮಾಣ ಮಾಡಬೇಕಿತ್ತು. ಹೀಗಾಗಿ ಚರ್ಚುಗಳು ಒಂದು ನಡುದಾರಿ ಕಂಡುಕೊಂಡವು. ಯೇಸು ಬೇಡವೆಂದದ್ದು ದುಡುಕಿನ, ವ್ಯರ್ಥವಾದ ಆಣೆಗಳನ್ನು ಮಾತ್ರ. ಅಧಿಕಾರಿ ಕೇಳಿದಾಗ ನ್ಯಾಯವಾದ ಕಾರಣಕ್ಕೆ ಪ್ರಮಾಣ ಮಾಡಿದರೆ ತಪ್ಪಿಲ್ಲ ಎಂದರು. ಇಂಗ್ಲೆಂಡಿನ ಅಧಿಕೃತ ಚರ್ಚಿನ 39 ಸೂತ್ರಗಳಲ್ಲಿ ಕೊನೆಯದು ಇದನ್ನೇ ಹೇಳುತ್ತದೆ. ಹೀಗೆ, ಆಣೆ ಬೇಡವೆನ್ನುವ ಪುಸ್ತಕವನ್ನೇ ಕೈಯಲ್ಲಿ ಹಿಡಿದು ಆಣೆ ಇಡುವ ಸೋಜಿಗ ನ್ಯಾಯಾಲಯಗಳಲ್ಲಿ ನಿತ್ಯದ ಮಾತಾಯಿತು!

ಈ ನಡುದಾರಿಯನ್ನು ಒಪ್ಪದವರೂ ಇದ್ದರು. 1527ರಲ್ಲೇ ಸ್ವಿಟ್ಜರ್ಲೆಂಡಿನ ಅನಾಬ್ಯಾಪ್ಟಿಸ್ಟರು ಆಣೆ ಇಡುವುದಿಲ್ಲವೆಂದು ಸಾರಿದ್ದರು. ಇಂಗ್ಲೆಂಡಿನಲ್ಲಿ ಆ ಹಟವನ್ನು ಒಂದು ಸಮುದಾಯದ ದಿನಚರಿಯನ್ನಾಗಿ ಮಾಡಿದವನು ಜಾರ್ಜ್ ಫಾಕ್ಸ್. 1624ರಲ್ಲಿ ನೇಕಾರನೊಬ್ಬನ ಮಗನಾಗಿ ಹುಟ್ಟಿ, ಚಮ್ಮಾರನೊಬ್ಬನ ಬಳಿ ಕಸುಬು ಕಲಿತವನು. ಅವನೂ ಅವನ ಸಂಗಡಿಗರೂ ತಮ್ಮನ್ನು ‘ಮಿತ್ರರು’ ಎಂದು ಕರೆದುಕೊಂಡರು. ದೇವರ ವಚನಕ್ಕೆ ನಡುಗಿರಿ ಎಂದು ನ್ಯಾಯಾಧೀಶನಿಗೇ ಫಾಕ್ಸ್ ಬುದ್ಧಿ ಹೇಳಿದ್ದಕ್ಕೆ 1650ರಲ್ಲಿ ಆ ನ್ಯಾಯಾಧೀಶ ಗೇಲಿ ಮಾಡಿ ಇಟ್ಟ ಹೆಸರು ‘ಕ್ವೇಕರ್’, ಅಂದರೆ ನಡುಗುವವರು. ಗೇಲಿಯ ಹೆಸರೇ ಉಳಿದುಕೊಂಡಿತು.

ಅವರ ವಾದ ಸರಳವಾಗಿತ್ತು. ಪ್ರಮಾಣ ಮಾಡಿದಾಗ ಮಾತ್ರ ನಿಜ ಹೇಳುತ್ತೇನೆ ಎಂದರೆ, ಉಳಿದ ಹೊತ್ತಿನಲ್ಲಿ ಹೇಳುವುದೇನು? ಸತ್ಯಕ್ಕೆ ಎರಡು ದರ್ಜೆಗಳಿಲ್ಲ. ಕಟಕಟೆಯಲ್ಲಿ ಒಂದು, ಅಂಗಡಿಯಲ್ಲಿ ಇನ್ನೊಂದು ಎಂದು ಅದನ್ನು ಹಂಚಲಾಗದು.

ವಾದವೇನೋ ಸರಳ, ಆದರೆ ಅದಕ್ಕೆ ತೆತ್ತ ಬೆಲೆ ದೊಡ್ಡದು. 1660ರಲ್ಲಿ ಎರಡನೇ ಚಾರ್ಲ್ಸ್ ಸಿಂಹಾಸನಕ್ಕೆ ಮರಳಿದ ಮೇಲೆ ರಾಜನಿಷ್ಠೆಯ ಪ್ರಮಾಣವೇ ಕ್ವೇಕರರನ್ನು ಹಿಡಿಯುವ ಬಲೆಯಾಯಿತು. ಬೇರೆ ಆರೋಪ ಸಾಬೀತಾಗದಿದ್ದರೂ ಸರಿ, ಕಟಕಟೆಗೆ ತಂದು ಪ್ರಮಾಣ ಮಾಡು ಎಂದರೆ ಸಾಕು. ರಾಜನಿಗೆ ನಿಷ್ಠರಾಗಿರಲು ಅವರ ಅಭ್ಯಂತರವಿರಲಿಲ್ಲ, ಆಣೆ ಇಡಲು ಮಾತ್ರ ಒಪ್ಪರು. ಅಷ್ಟಕ್ಕೇ ಆಸ್ತಿಯೆಲ್ಲ ಮುಟ್ಟುಗೋಲು, ರಾಜನ ಮರ್ಜಿ ಇರುವವರೆಗೆ ಸೆರೆ. 1662ರಲ್ಲಿ ಕ್ವೇಕರರನ್ನೇ ಹೆಸರಿಸಿ ಬಂದ ಕಾಯಿದೆಯಂತೂ ಮೂರನೆಯ ತಪ್ಪಿಗೆ ಗಡೀಪಾರಿಗೂ ಅವಕಾಶ ಕೊಟ್ಟಿತು. ನ್ಯಾಯಾಧೀಶನೊಬ್ಬನ ವಿಧವೆಯಾಗಿದ್ದ ಮಾರ್ಗರೆಟ್ ಫೆಲ್ 1664ರಲ್ಲಿ ಇದೇ ಶಿಕ್ಷೆಗೆ ಗುರಿಯಾಗಿ ಲ್ಯಾಂಕಾಸ್ಟರ್ ಕೋಟೆಯಲ್ಲಿ ಬಂದಿಯಾದಳು. ಬಿಡುಗಡೆಯಾದದ್ದು 1668ರಲ್ಲಿ. ಮರುವರ್ಷ ಅವಳು ಫಾಕ್ಸ್‌ನನ್ನು ವರಿಸಿದಳು.

ಜೈಲಿನ ಹೊರಗಿದ್ದವರ ಪಾಡೂ ಸುಲಭವಾಗಿರಲಿಲ್ಲ. ಪ್ರಮಾಣ ಮಾಡದವನ ಸಾಕ್ಷ್ಯ ನ್ಯಾಯಾಲಯದಲ್ಲಿ ನಡೆಯದು. ಸಾಲ ವಸೂಲಿಗೆ ದಾವೆ ಹೂಡುವುದು, ಉಯಿಲನ್ನು ಜಾರಿಗೆ ತರುವುದು ಕಷ್ಟವಾಯಿತು. ಸರ್ಕಾರಿ ಹುದ್ದೆಯ ಬಾಗಿಲು ಮುಚ್ಚಿತು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಪದವಿಯೂ ದಕ್ಕದಾಯಿತು. ಉಳಿದದ್ದು ವ್ಯಾಪಾರ, ಕೈಗಾರಿಕೆ.

ಸ್ವಾರಸ್ಯವಿರುವುದು ಇಲ್ಲಿಯೇ. ಆ ಕಾಲದ ಇಂಗ್ಲೆಂಡಿನ ಅಂಗಡಿಗಳಲ್ಲಿ ನಮ್ಮ ಸಂತೆಗಳಂತೆಯೇ ಚೌಕಾಸಿ ನಡೆಯುತ್ತಿತ್ತು. ಇದಕ್ಕಿಂತ ಕಡಿಮೆಗೆ ಗಿಟ್ಟುವುದಿಲ್ಲ ಎಂದು ವ್ಯಾಪಾರಿ ಆಣೆಯಿಡುವುದು, ಮರುಕ್ಷಣವೇ ಕಡಿಮೆಗೆ ಕೊಡುವುದು! ‘ಹೌದೆಂದರೆ ಹೌದು’ ಎಂದು ನಂಬಿದವರಿಗೆ ಇದು ಸುಳ್ಳಾಗಿಯೇ ಕಂಡಿತು. ಕೊಡುವ ಬೆಲೆಯನ್ನೇ ಮೊದಲು ಹೇಳಿ, ಆಮೇಲೆ ಬದಲಿಸಬೇಡಿ ಎಂದು ಫಾಕ್ಸ್ ವ್ಯಾಪಾರಿಗಳಿಗೆ ತಾಕೀತು ಮಾಡಿದ. ಮೊದಮೊದಲು ಗಿರಾಕಿಗಳು ಈ ವಿಚಿತ್ರ ಜನರ ಅಂಗಡಿಗೆ ಬೆನ್ನು ಹಾಕಿದರು. ಆದರೆ ಚಿಕ್ಕ ಮಗುವನ್ನು ಕಳುಹಿಸಿದರೂ ದೊಡ್ಡವರಿಗೆ ಕೊಟ್ಟ ಬೆಲೆಗೇ ಸಾಮಾನು ಸಿಗುತ್ತದೆ ಎಂದು ತಿಳಿದ ಮೇಲೆ ಜನ ಕ್ವೇಕರರ ಅಂಗಡಿ ಎಲ್ಲಿದೆ ಎಂದು ಹುಡುಕಿಕೊಂಡು ಬರತೊಡಗಿದರೆಂದು ಫಾಕ್ಸ್ ತನ್ನ ದಿನಚರಿಯಲ್ಲಿ ದಾಖಲಿಸಿದ್ದಾನೆ.

ಜೈಲಿಗೆ ತಳ್ಳಿದ ಮಾತೇ ಅಂಗಡಿಯಲ್ಲಿ ಬಂಡವಾಳವಾಯಿತು. 1690ರ ಸುಮಾರಿಗೆ ಲಂಡನ್ನಿನಲ್ಲಿ ಕ್ವೇಕರ್ ಅಕ್ಕಸಾಲಿಗರು ತೆರೆದ ಮಳಿಗೆ ಮುಂದೆ ಬಾರ್ಕ್ಲೇಸ್ ಬ್ಯಾಂಕ್ ಆಯಿತು. ಲಾಯ್ಡ್ಸ್ ಬ್ಯಾಂಕಿನ ಮೂಲಪುರುಷರಲ್ಲೊಬ್ಬನಾದ ಸ್ಯಾಂಪ್ಸನ್ ಲಾಯ್ಡ್ ಕ್ವೇಕರ್. 1824ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಅಂಗಡಿ ತೆರೆದ ಜಾನ್ ಕ್ಯಾಡ್ಬರಿಯೂ ಅಷ್ಟೇ. ನಮ್ಮ ಮಕ್ಕಳು ಚಪ್ಪರಿಸುವ ಚಾಕೊಲೇಟಿನ ಹೆಸರಿನ ಹಿಂದೆ ಇಂಥದೊಂದು ಹಿನ್ನೆಲೆಯಿದೆ.

ಇದೆಲ್ಲ ಬರೀ ಉಪದೇಶದಿಂದ ಆದದ್ದಲ್ಲ. ಕ್ವೇಕರರ ಸಭೆಗಳು ಸದಸ್ಯರ ನಡವಳಿಕೆಯನ್ನು ಕಟ್ಟುನಿಟ್ಟಾಗಿ ವಿಚಾರಿಸುತ್ತಿದ್ದವು. ವ್ಯವಹಾರ ಶುದ್ಧವಾಗಿದೆಯೇ, ಸಾಲ ಸಕಾಲಕ್ಕೆ ತೀರುತ್ತಿದೆಯೇ ಎಂದು ಕೇಳುತ್ತಿದ್ದವು. ದಿವಾಳಿಯೆದ್ದವನನ್ನು ಸಭೆಯಿಂದ ಹೊರಗಿಡುವುದೂ ಇತ್ತು. ಜೈಲು ಸುಧಾರಣೆಗೆ ಹೆಸರಾದ ಎಲಿಜಬೆತ್ ಫ್ರೈಳ ಗಂಡನ ಬ್ಯಾಂಕು 1828ರಲ್ಲಿ ಮುಳುಗಿದಾಗ ಹೆಂಡತಿಯ ಕೀರ್ತಿಯೂ ಅವನನ್ನು ಕಾಯಲಿಲ್ಲ. ಸಭೆ ಅವನನ್ನು ಹೊರಹಾಕಿತು.

ಆದರೂ ಇವರ ಕಣ್ಣಿಗೆ ಬಹುಕಾಲ ಬೀಳದೇ ಹೋದ ಒಂದು ಸುಳ್ಳಿತ್ತು. ಬಟ್ಟೆಯ ಬೆಲೆಯಲ್ಲಿ ಒಂದು ಕಾಸು ಹೆಚ್ಚು ಹೇಳಲು ಅಂಜುವ ಕ್ವೇಕರರೇ ಅಮೆರಿಕದಲ್ಲಿ, ವೆಸ್ಟ್ ಇಂಡೀಸ್‌ನಲ್ಲಿ ಮನುಷ್ಯರನ್ನು ಕೊಂಡು ಮಾರುತ್ತಿದ್ದರು. ಪೆನ್ಸಿಲ್ವೇನಿಯಾ ಸ್ಥಾಪಿಸಿದ ವಿಲಿಯಂ ಪೆನ್ ಕೂಡ ಗುಲಾಮರನ್ನು ಇಟ್ಟುಕೊಂಡಿದ್ದ. ಇತರರು ನಿಮಗೆ ಏನು ಮಾಡಬೇಕೆಂದು ಬಯಸುವಿರೋ ಅದನ್ನೇ ನೀವು ಅವರಿಗೆ ಮಾಡಿ ಎಂಬ ಬೋಧೆಯೂ ಅದೇ ಪರ್ವತ ಪ್ರಸಂಗದಲ್ಲಿದೆ. 1688ರಲ್ಲಿ ಅಲ್ಲಿನ ಜರ್ಮನ್‌ಟೌನಿನ ನಾಲ್ವರು ಇದನ್ನು ನೆನಪಿಸಿ ಮನವಿ ಬರೆದರು. ಸಭೆಗಳು ಅದನ್ನು ಬದಿಗಿಟ್ಟವು. ಮುಂದೆ ನ್ಯೂಜೆರ್ಸಿಯ ಜಾನ್ ವುಲ್ಮನ್ ಎಂಬ ದರ್ಜಿ, ಗುಲಾಮರನ್ನು ಬಿಟ್ಟುಹೋಗುವ ಉಯಿಲುಗಳನ್ನು ಬರೆದುಕೊಡಲು ಒಪ್ಪದೆ, ಮನೆಮನೆಗೆ ಹೋಗಿ ಬುದ್ಧಿ ಹೇಳಿದ. ಫಿಲಡೆಲ್ಫಿಯಾದ ಸಭೆ ಗುಲಾಮರನ್ನು ಇಟ್ಟುಕೊಂಡವರಿಗೆ ತನ್ನಲ್ಲಿ ಸ್ಥಾನವಿಲ್ಲವೆಂದದ್ದು 1776ರಲ್ಲಿ. ಒಂದು ಮಾತನ್ನು ಪಾಲಿಸಿದವರಿಗೆ ಪಕ್ಕದ ಮಾತು ಕಾಣಲು ಸುಮಾರು ತೊಂಬತ್ತು ವರ್ಷ ಹಿಡಿಯಿತು. ಕಂಡ ಮೇಲೆ ಅವರು ಸುಮ್ಮನಿರಲಿಲ್ಲ. 1787ರಲ್ಲಿ ಲಂಡನ್ನಿನಲ್ಲಿ ಗುಲಾಮ ವ್ಯಾಪಾರದ ವಿರುದ್ಧ ಸಮಿತಿ ಕಟ್ಟಿದ ಹನ್ನೆರಡು ಮಂದಿಯಲ್ಲಿ ಒಂಬತ್ತು ಜನ ಕ್ವೇಕರರು.

ಇನ್ನು ಆಣೆಯ ವಿಷಯ. 1696ರಲ್ಲಿ ಇಂಗ್ಲೆಂಡಿನ ಸಂಸತ್ತು ಕ್ವೇಕರರಿಗೆ ಪ್ರಮಾಣದ ಬದಲು ದೃಢೀಕರಣಕ್ಕೆ ಅವಕಾಶ ಕೊಟ್ಟಿತು. ಆ ನಮೂನೆಯಲ್ಲೂ ದೇವರ ಹೆಸರಿತ್ತು. ಇದೂ ಆಣೆಯೇ ಎಂದು ಹಲವರು ಒಪ್ಪಲಿಲ್ಲ. 1722ರಲ್ಲಿ ಅದೂ ಸರಳವಾಯಿತು. 1833ರಲ್ಲಿ ಜೋಸೆಫ್ ಪೀಸ್ ಪ್ರಮಾಣ ಮಾಡದೆಯೇ ಸಂಸತ್ತಿನಲ್ಲಿ ಕುಳಿತ ಮೊದಲ ಕ್ವೇಕರನಾದ. ಭಕ್ತರು ತೆರೆದ ಬಾಗಿಲಲ್ಲಿ ಮುಂದೆ ನಾಸ್ತಿಕರೂ ಬಂದು ನಿಂತರು. 1880ರಲ್ಲಿ ಆಯ್ಕೆಯಾದ ಚಾರ್ಲ್ಸ್ ಬ್ರಾಡ್ಲಾ ಆ ಹಕ್ಕು ತನಗೂ ಬೇಕೆಂದು ವರ್ಷಗಟ್ಟಲೆ ಹೋರಾಡಿದ. ಅದನ್ನು ಎಲ್ಲರಿಗೂ ಕೊಡುವ ಕಾಯಿದೆ 1888ರಲ್ಲಿ ಬಂದಿತು. ಮರುವರ್ಷ ಮುಂಬಯಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನಕ್ಕೆ ಅತಿಥಿಯಾಗಿ ಬಂದವನು ಇದೇ ಬ್ರಾಡ್ಲಾ.

ಭಾರತದಲ್ಲಿ ಇದರ ಅಗತ್ಯ ಬೇರೆ ಕಾರಣಕ್ಕೆ ಬಿತ್ತು. ಗಂಗಾಜಲ ಮುಟ್ಟಿ, ಕುರಾನ್ ಹಿಡಿದು ಪ್ರಮಾಣ ಮಾಡಬೇಕೆಂಬ ಬಲವಂತದಿಂದ ನ್ಯಾಯದಾನಕ್ಕೆ ಅಡ್ಡಿಯಾಗುತ್ತಿದೆ ಎಂದು ಮನಗಂಡ ಸರ್ಕಾರ 1840ರ ಕಾಯಿದೆಯಲ್ಲಿ ಹಿಂದೂ, ಮುಸ್ಲಿಂ ಸಾಕ್ಷಿಗಳಿಗೆ ದೃಢೀಕರಣವನ್ನು ಗೊತ್ತುಪಡಿಸಿತು. 1969ರ ಪ್ರಮಾಣಗಳ ಕಾಯಿದೆಯ ಪ್ರಕಾರ ಯಾವ ಸಾಕ್ಷಿಯಾದರೂ ಪ್ರಮಾಣದ ಬದಲು ದೃಢೀಕರಿಸಬಹುದು.

ಧರ್ಮಗ್ರಂಥವನ್ನು ಓದುವವರು, ಪೂಜಿಸುವವರು ಎಲ್ಲ ಮತಗಳಲ್ಲೂ ಇದ್ದಾರೆ. ನುಡಿದಂತೆ ನಡೆಯಬೇಕೆಂಬುದು ನಮ್ಮ ಶರಣರ ಹಂಬಲವೂ ಆಗಿತ್ತು. ಕ್ವೇಕರರು ಕಂಡುಕೊಂಡದ್ದು ಇಷ್ಟೇ: ಗ್ರಂಥದ ಮಾತಿಗೆ ನಿಜವಾದ ಪರೀಕ್ಷೆ ನಡೆಯುವುದು ಪ್ರಾರ್ಥನಾ ಮಂದಿರದಲ್ಲಲ್ಲ, ತಕ್ಕಡಿಯ ಮುಂದೆ. ‘ಒಂದೇ ದರ, ಚೌಕಾಸಿ ಇಲ್ಲ’ ಎಂಬ ಬೋರ್ಡು ನಮ್ಮ ಪೇಟೆಗಳಲ್ಲೂ ತೂಗುತ್ತದೆ. ಹಾಗೆ ಹೇಳಿ ಹಾಗೆಯೇ ನಡೆಯುವುದು ಒಂದು ಕಾಲಕ್ಕೆ ದೈವಭಕ್ತಿಯ ಕೆಲಸವಾಗಿತ್ತು.