ಕೊಬ್ಬರಿ: ಒಂದು ನಾಮಪದದ ಮೂಲ ಮತ್ತು ಸಂತತಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ‘ಕಾಯಿ’ ಬೇರೆ, ‘ಕೊಬ್ಬರಿ’ ಬೇರೆ. ಅಟ್ಟದ ಮೇಲೆ ಸುಮಾರು ವರ್ಷಕಾಲ ಒಣಗಿ, ಚಿಪ್ಪಿನಿಂದ ತಾನಾಗಿ ಬಿಡಿಸಿಕೊಂಡ ತಿರುಳು ಮಾತ್ರ ಕೊಬ್ಬರಿ. ತೆಲುಗಿನಲ್ಲಿ ಇದೇ ಪದ ಹಸಿಕಾಯಿಗೂ ಮರಕ್ಕೂ ಹಬ್ಬಿದೆ. ಮಲಯಾಳದ ‘ಕೊಪ್ಪರ’ವಾದರೋ ಒಣತಿರುಳೆಂಬ ಅರ್ಥದಲ್ಲೇ ಪೋರ್ಚುಗೀಸರ ಮೂಲಕ ಇಂಗ್ಲಿಷಿಗೆ ಹೋಗಿ ‘ಕೋಪ್ರಾ’ ಆಯಿತು.

ಕೊಬ್ಬರಿಯನ್ನು ‘ಕೊಬ್ಬು’ ಶಬ್ದದಿಂದ ಸಾಧಿಸುವುದು ಆಕರ್ಷಕ. ಎಣ್ಣೆ ತೆಗೆಯುವವರಿಗೆ ಅದು ಸಹಜವೆನಿಸೀತು. ಧ್ವನಿನಿಯಮ ಮಾತ್ರ ಒಪ್ಪುವುದಿಲ್ಲ. ಕೊಬ್ಬು ಹಳಗನ್ನಡದಲ್ಲಿ ‘ಕೊರ್ಬು’, ತೆಲುಗಿನಲ್ಲಿ ‘ಕ್ರೊವ್ವು’, ತಮಿಳಿನಲ್ಲಿ ‘ಕೊೞುಪ್ಪು’. ಕೊಬ್ಬರಿ ಈ ಧಾತುವಿನ ಕುಡಿಯಾಗಿದ್ದರೆ ತೆಲುಗಿನಲ್ಲಿ ವಕಾರದ್ವಿತ್ವ ಇರಬೇಕಿತ್ತು; ಇರುವುದು ‘ಕೊಬ್ಬರಿ’ಯೇ. ಮಲಯಾಳದ ರೂಪದಲ್ಲಿ ೞಕಾರದ ಕುರುಹೂ ಇಲ್ಲ.

ಆದ್ದರಿಂದ ನಾವು *ಕೊಪ್ಪರ ಎಂಬ ಪೂರ್ವರೂಪವನ್ನು ಊಹಿಸುತ್ತೇವೆ. ಅದರ ಮೊದಲ ಅರ್ಥ ಚಿಪ್ಪು. ತಿರುಳಿಗೆ ಆ ಹೆಸರು ಆಮೇಲೆ ಸಂದಿತು. ಹಿಂದಿಯಲ್ಲಿ ಕೊಬ್ಬರಿಯ ‘ಖೋಪ್ರಾ’ದ ಪಕ್ಕದಲ್ಲೇ ತಲೆಬುರುಡೆಯ ‘ಖೋಪಡೀ’ ಇದೆ. ಕನ್ನಡದ್ದೇ ಆದ ‘ಕೊಪ್ಪರಿಗೆ’ ದೊಡ್ಡ ಪಾತ್ರೆ. ಸಂಸ್ಕೃತದ ‘ಕರ್ಪರ’ಕ್ಕೂ ಬುರುಡೆ, ಬೋಗುಣಿ ಎಂಬ ಅರ್ಥಗಳುಂಟು. ಆದರೆ ಅದರ ಅಕಾರ ನಮ್ಮ ಒಕಾರಕ್ಕೆ ಹೊಂದದು; ಅದನ್ನು ತಾಯಿಯೆನ್ನಲು ನಾವು ಹಿಂಜರಿಯುತ್ತೇವೆ. ಬಕಾರ ಕಾಣುವುದು ನೆರೆಹೊರೆಯ ಕನ್ನಡ, ತೆಲುಗು, ಮರಾಠಿಗಳಲ್ಲಿ; ಮರಾಠಿಯದು ‘ಖೋಬರೆ’. ಇದು ವಂಶಾನುಗತ ಸಾಮ್ಯವಲ್ಲ, ಸರಕಿನೊಡನೆ ಸಾಗಿದ ಎರವಲೆಂದೇ ನಮ್ಮ ಅಭಿಪ್ರಾಯ. ಕನ್ನಡದಲ್ಲಿ ‘ಕೊಬ್ಬು’ ಅದನ್ನು ತನ್ನತ್ತ ಎಳೆದುಕೊಂಡಿರಲೂಬಹುದು.