ಮಾತು ಕಲಿತ ಟಿ.ವಿ. ಪೆಟ್ಟಿಗೆ

ಟಿ.ವಿ. ಎಂದರೆ ನೋಡುವ ಸಾಧನ. ಅಂಧರಿಗೆ ಅದೇಕೆ ಎಂದು ಕೇಳುವವರುಂಟು. ಆದರೆ ವಾರ್ತೆ, ಕ್ರಿಕೆಟ್, ಧಾರಾವಾಹಿಗಳನ್ನು ಮನೆಮಂದಿಯೊಡನೆ ಕುಳಿತು ಆಲಿಸುವ ಅಂಧರು ಎಲ್ಲೆಡೆ ಇದ್ದಾರೆ. ಅವರಿಗಿದ್ದ ತೊಡಕು ಎರಡು. ತೆರೆಯ ಮೇಲೆ ಮಾತಿಲ್ಲದೆ ನಡೆಯುವ ಸಂಗತಿ ತಿಳಿಯುತ್ತಿರಲಿಲ್ಲ. ಬೇಕಾದ ಕಾರ್ಯಕ್ರಮವನ್ನು ಇನ್ನೊಬ್ಬರ ನೆರವಿಲ್ಲದೆ ಹುಡುಕಿ ರೆಕಾರ್ಡ್ ಮಾಡಿಕೊಳ್ಳಲೂ ಆಗುತ್ತಿರಲಿಲ್ಲ.

ಮೊದಲ ತೊಡಕಿಗೆ ಪರಿಹಾರ ಬಂದದ್ದು ರಂಗಭೂಮಿಯಿಂದ. ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ಅರೀನಾ ಸ್ಟೇಜ್ ರಂಗಮಂದಿರದಲ್ಲಿ 1981ರಲ್ಲಿ ಅಂಧ ಪ್ರೇಕ್ಷಕರಿಗೆ ನಾಟಕದ ದೃಶ್ಯಗಳನ್ನು ಕಿವಿಯಲ್ಲಿ ವಿವರಿಸುವ ಏರ್ಪಾಡಾಯಿತು. ಇದನ್ನು ಕಟ್ಟಿ ಬೆಳೆಸಿದ ಮಾರ್ಗರೆಟ್ ಫ್ಯಾನ್‌ಸ್ಟೀಲ್ ಸ್ವತಃ ದೃಷ್ಟಿ ಕಳೆದುಕೊಂಡಿದ್ದರು. 1990ರಲ್ಲಿ ಬಾಸ್ಟನ್ನಿನ ಡಬ್ಲ್ಯುಜಿಬಿಎಚ್ ಕೇಂದ್ರ ಇದನ್ನೇ ಟಿ.ವಿ.ಗೆ ತಂದಿತು. ಸಂಭಾಷಣೆಯ ನಡುವಣ ಬಿಡುವಿನಲ್ಲಿ ನಿರೂಪಕರು ದೃಶ್ಯವನ್ನು ಚುಟುಕಾಗಿ ಹೇಳುತ್ತಿದ್ದರು. ಸ್ಟೀರಿಯೋ ಪ್ರಸಾರದ ಹೆಚ್ಚುವರಿ ಧ್ವನಿಪಥದಲ್ಲಿ ಅದು ಮನೆ ತಲುಪುತ್ತಿತ್ತು.

ಆದರೆ ಸಾಮಾನ್ಯ ವಿ.ಸಿ.ಆರ್. ಈ ಧ್ವನಿಪಥವನ್ನು ಹಿಡಿಯುತ್ತಿರಲಿಲ್ಲ. ಆದ್ದರಿಂದ ವಿವರಣೆಯನ್ನು ಮೂಲಧ್ವನಿಯಲ್ಲೇ ಬೆರೆಸಿದ ವಿಡಿಯೋ ಕ್ಯಾಸೆಟ್ಟುಗಳನ್ನೂ ಕೇಂದ್ರ ಹೊರತಂದಿತು.

ಎರಡನೆಯ ತೊಡಕು ಮಾತ್ರ ಕಾಲ ಕಳೆದಂತೆ ಬಿಗಡಾಯಿಸಿತು. ಹಳೆಯ ವಿ.ಸಿ.ಆರ್.ನ ಗುಂಡಿಗಳನ್ನು ಬೆರಳಿನಿಂದ ಗುರುತಿಸಬಹುದಿತ್ತು. ಬರಬರುತ್ತಾ ಎಲ್ಲ ಆಯ್ಕೆಗಳೂ ತೆರೆಯ ಮೇಲಿನ ಪಟ್ಟಿಗೆ ಏರಿದವು. 1999ರಲ್ಲಿ ಟಿವೋದಂಥ ಡಿಜಿಟಲ್ ರೆಕಾರ್ಡರುಗಳು ಬಂದಾಗ ಕಣ್ಣುಳ್ಳವರಿಗೆ ಕೆಲಸ ಸಲೀಸಾಯಿತು. ಅಂಧರಿಗೆ ಬಾಗಿಲು ಮುಚ್ಚಿತು.

ವಿಚಿತ್ರವೆಂದರೆ ಬೀಗದ ಕೈ ಅದೇ ಪೆಟ್ಟಿಗೆಯಲ್ಲಿತ್ತು. ಡಿಜಿಟಲ್ ಪ್ರಸಾರದಲ್ಲಿ ಕಾರ್ಯಕ್ರಮದ ಹೆಸರು, ವೇಳೆ, ಸಾರಾಂಶ ಅಕ್ಷರರೂಪದಲ್ಲೇ ಬರುತ್ತವೆ. ಅವನ್ನು ಓದಿ ಹೇಳುವ ತಂತ್ರಾಂಶವನ್ನು ಪೆಟ್ಟಿಗೆಗೆ ಅಳವಡಿಸಿದರಾಯಿತು. ಜೊತೆಗೆ, ಮುಂದಿನ ಗುಂಡಿ ಒತ್ತಿದ ಕ್ಷಣ ಹಿಂದಿನ ಮಾತು ನಿಲ್ಲಬೇಕು. 'ರೆಕಾರ್ಡ್ ಆಗುತ್ತಿದೆ' ಎಂಬ ಸೂಚನೆಯೂ ಕೇಳಿಸಬೇಕು. ಮಂದದೃಷ್ಟಿಯವರಿಗೆ ದಪ್ಪ ಅಕ್ಷರ, ಎದ್ದುಕಾಣುವ ಬಣ್ಣಗಳೂ ಬೇಕು.

ಬ್ರಿಟನ್ನಿನ ಅಂಧರ ಸಂಸ್ಥೆ ಆರ್‌ಎನ್‌ಐಬಿ ಇದಕ್ಕಾಗಿ ತಯಾರಕರ ಬೆನ್ನು ಹತ್ತಿತು. 2010ರಲ್ಲಿ ಗುಡ್‌ಮನ್ಸ್ ಹೆಸರಿನ ಮಾತನಾಡುವ ಸೆಟ್‌ಟಾಪ್ ಪೆಟ್ಟಿಗೆ ಮಾರುಕಟ್ಟೆಗೆ ಬಂತು. ಮರುವರ್ಷ ಟಿವಾನಿಕ್ಸ್ ಕಂಪೆನಿಯ ರೆಕಾರ್ಡರಿಗೂ ಮಾತು ಬಂತು. ಆದರೆ 2012ರಲ್ಲಿ ಆ ಕಂಪೆನಿಯೇ ಆರ್ಥಿಕ ಬಿಕ್ಕಟ್ಟಿಗೆ ಸಿಲುಕಿತು. ಒಂದೆರಡು ತಯಾರಕರನ್ನಷ್ಟೇ ನಂಬಿದರೆ ಸಾಲದೆಂಬುದು ಸ್ಪಷ್ಟವಾಯಿತು.

ಅಮೆರಿಕ ಕಾನೂನಿನ ಹಾದಿ ಹಿಡಿಯಿತು. ದೃಶ್ಯವಿವರಣೆಯನ್ನು ಕಡ್ಡಾಯಗೊಳಿಸುವ ನಿಯಮವನ್ನು ಅಲ್ಲಿನ ಸಂಪರ್ಕ ಆಯೋಗ 2000ದಲ್ಲೇ ತಂದಿತ್ತು. ಆಯೋಗಕ್ಕೆ ಆ ಅಧಿಕಾರವಿಲ್ಲವೆಂದು 2002ರಲ್ಲಿ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಕೊನೆಗೆ 2010ರಲ್ಲಿ ಸಂಸತ್ತೇ ಕಾಯಿದೆ ಮಾಡಿತು. ಕಾರ್ಯಕ್ರಮ ಪಟ್ಟಿಯನ್ನು ಪೆಟ್ಟಿಗೆಯೇ ಓದಿ ಹೇಳಬೇಕೆಂಬ ನಿಯಮ 2016ರ ಡಿಸೆಂಬರಿನಲ್ಲಿ ಜಾರಿಗೆ ಬಂತು. ಅದಕ್ಕೂ ಮುನ್ನ, 2014ರಲ್ಲೇ, ಕಾಮ್‌ಕಾಸ್ಟ್ ಎಂಬ ಕೇಬಲ್ ಕಂಪೆನಿ ತನ್ನ ಪೆಟ್ಟಿಗೆಗೆ ಮಾತು ಕಲಿಸಿತ್ತು.

ಇಷ್ಟಕ್ಕೂ ಅಂಧರು ಕೇಳಿದ್ದು ದೊಡ್ಡದೇನಲ್ಲ. ತಮಗೆ ಬೇಕಾದ ಕಾರ್ಯಕ್ರಮವನ್ನು ತಾವೇ ಆರಿಸಿ, ಬಿಡುವಾದಾಗ ಕೇಳುವ ಅವಕಾಶ, ಅಷ್ಟೆ. ಅದಕ್ಕೆ ಬೇಕಾದ ಅಕ್ಷರಗಳು ಪೆಟ್ಟಿಗೆಯೊಳಗೆ ಬರುತ್ತಲೇ ಇದ್ದವು. ಅವನ್ನು ಓದಿ ಹೇಳಿಸುವ ಮನಸ್ಸು ಬರಲು ಮಾತ್ರ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.